ಸುರಿಯೋದೆಲ್ಲ ದ್ರವ ಅಲ್ಲ

ಎಲ್ಲರಿಗೂ ನಮಸ್ಕಾರ. ಘನ, ದ್ರವ, ಅನಿಲ ಅಂದ ಕೂಡಲೇ ನೀವು ಏನು ಹೇಳುತ್ತೀರಿ ಅಂತ ಗೊತ್ತು. ಘನಕ್ಕೆ ತನ್ನದೇ ಆಕಾರ, ದ್ರವಕ್ಕೆ ಪಾತ್ರೆಯ ಆಕಾರ, ಅನಿಲ ಸಿಕ್ಕ ಜಾಗವನ್ನೆಲ್ಲ ತುಂಬುತ್ತದೆ. ಉತ್ತರ ಸರಿಯೇ, ಮಾರ್ಕ್ಸೂ ಸಿಗುತ್ತದೆ. ಆದರೆ ಒಂದು ಹಿಡಿ ಮರಳನ್ನು ಲೋಟಕ್ಕೆ ಸುರಿದು ನೋಡಿ. ಅದೂ ಲೋಟದ ಆಕಾರಕ್ಕೇ ಕೂರುತ್ತದೆ. ಹಾಗಂತ ಮರಳು ದ್ರವ ಅಲ್ಲ ಅಲ್ವಾ? ನೆಲದ ಮೇಲೆ ಸುರಿದರೆ ಗುಡ್ಡೆಯಾಗಿ ನಿಲ್ಲುತ್ತದೆ. ನೀರು ಎಲ್ಲಾದರೂ ಗುಡ್ಡೆಯಾಗಿ ನಿಂತಿದ್ದು ಉಂಟಾ?

ಹಾಗಾಗಿ ಆಕಾರವನ್ನು ಸ್ವಲ್ಪ ಬದಿಗಿಡೋಣ. ಒಳಗಿನ ಕಣಗಳು, ಅಂದರೆ ಮರಳಿನ ಕಾಳುಗಳಲ್ಲ, ಕಣ್ಣಿಗೆ ಕಾಣದ ಪುಟಾಣಿ ಕಣಗಳು, ಎಷ್ಟು ಹತ್ತಿರ ಇವೆ, ಎಷ್ಟು ಸಲೀಸಾಗಿ ಜಾಗ ಬದಲಿಸುತ್ತವೆ ಅನ್ನೋದೇ ಮುಖ್ಯ.

ಸೂಜಿ ಇಲ್ಲದ ಒಂದು ಸಿರಿಂಜ್ ತಗೊಳ್ಳಿ. ಗಾಳಿ ಎಳೆದುಕೊಂಡು ತುದಿಯನ್ನು ಬೆರಳಿಂದ ಗಟ್ಟಿಯಾಗಿ ಮುಚ್ಚಿ, ಹಿಂದಿನಿಂದ ಒತ್ತಿ. ಅರ್ಧದವರೆಗೂ ಒಳಗೆ ಹೋಗುತ್ತದೆ, ಕೈಬಿಟ್ಟರೆ ಪುಟಕ್ಕನೆ ವಾಪಸ್ ಬರುತ್ತದೆ. ಈಗ ಗುಳ್ಳೆ ಉಳಿಯದ ಹಾಗೆ ನೀರು ತುಂಬಿ ಅದೇ ರೀತಿ ಒತ್ತಿ. ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ. ನೀರಿನ ಕಣಗಳು ಆಗಲೇ ಒತ್ತೊತ್ತಾಗಿವೆ, ಒಂದರ ಪಕ್ಕ ಒಂದು ಜಾರಬಲ್ಲವು ಅಷ್ಟೇ. ಗಾಳಿಯಲ್ಲಿ ಹಾಗಲ್ಲ, ಕಣದಿಂದ ಕಣಕ್ಕೆ ಸರಾಸರಿ ದೂರ ಆ ಕಣದ ಗಾತ್ರದ ಸುಮಾರು ಹತ್ತು ಪಟ್ಟು, ಅಂದರೆ ನೀವು ಒತ್ತಿದ್ದು ಹೆಚ್ಚುಕಮ್ಮಿ ಖಾಲಿ ಜಾಗವನ್ನೇ. ತಾಪ ಬದಲಾಗದಿದ್ದರೆ ಒತ್ತಡ ಎರಡು ಪಟ್ಟಾದಾಗ ಅನಿಲದ ಗಾತ್ರ ಅರ್ಧವಾಗುತ್ತದೆ ಅಂತ ರಾಬರ್ಟ್ ಬಾಯ್ಲ್ 1662ರಲ್ಲೇ ತೋರಿಸಿಕೊಟ್ಟಿದ್ದ. ಈಗ ಇದರ ಉಲ್ಟಾ, ಒತ್ತೊತ್ತಾಗಿದ್ದ ಕಣಗಳು ದೂರ ಸರಿದರೆ ಏನಾಗುತ್ತದೆ ನೋಡಿ: ಕುದಿಯುವ ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸುಮಾರು 1,600 ಲೀಟರ್ ಜಾಗ ಬೇಕು!

ಘನದಲ್ಲಿ ಕಣಗಳು ಜಾಗ ಬಿಟ್ಟು ಹೋಗುವುದಿಲ್ಲ, ಇದ್ದಲ್ಲೇ ನಡುಗುತ್ತಿರುತ್ತವೆ. ಸಾಮಾನ್ಯವಾಗಿ ದ್ರವ ಗಟ್ಟಿಯಾದಾಗ ಕುಗ್ಗುತ್ತದೆ. ನೀರಿನದು ಉಲ್ಟಾ, ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಅದಕ್ಕೇ ಮಂಜುಗಡ್ಡೆ ತೇಲೋದು, ಫ್ರೀಜರ್‌ನಲ್ಲಿ ಭರ್ತಿ ತುಂಬಿಟ್ಟ ಬಾಟಲಿ ಒಡೆಯೋದು.

ಇನ್ನು ನನಗೆ ತುಂಬಾ ಇಷ್ಟವಾದ ಪುಂಡ ವಸ್ತು ಪಿಚ್. ಕಪ್ಪಗೆ, ಡಾಂಬರಿನ ಥರ ಇರುತ್ತದೆ. ಸುತ್ತಿಗೆಯಿಂದ ಹೊಡೆದರೆ ಗಾಜಿನ ಹಾಗೆ ಚೂರುಚೂರು. ಘನ ಅಂತ ಬರೆದುಬಿಡೋಣ ಅನಿಸುತ್ತದೆ. ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಅದನ್ನು ಕಾಯಿಸಿ ತುದಿ ಮುಚ್ಚಿದ ಒಂದು ಆಲಿಕೆಗೆ ಸುರಿದ, ಮೂರು ವರ್ಷ ಸುಮ್ನೆ ಬಿಟ್ಟ, 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದ. ಆಮೇಲೆ 2014ರವರೆಗೆ ಬಿದ್ದಿದ್ದು ಬರೀ ಒಂಬತ್ತು ಹನಿ. ಎಂಟನೇ ಹನಿ ಬಿದ್ದಾಗ ಅದನ್ನೇ ಕಾಯುತ್ತಿದ್ದ ಕ್ಯಾಮೆರಾ ಕೈಕೊಟ್ಟಿತ್ತು, ಪಾಪ. ಸುತ್ತಿಗೆ ಏಟಿನ ಆ ಒಂದು ಕ್ಷಣದಲ್ಲಿ ಜಾರಿಕೊಳ್ಳಲು ಪಿಚ್‌ನ ಕಣಗಳಿಗೆ ಪುರಸೊತ್ತಿಲ್ಲ, ವರ್ಷಗಟ್ಟಲೆ ಕೊಟ್ಟರೆ ಜಾರುತ್ತವೆ.

ಇದನ್ನು ಕೇಳಿ ಗಾಜೂ ಹೀಗೇ ಹರಿಯುತ್ತದೆ ಅಂದುಕೊಳ್ಳಬೇಡಿ. ಹಳೆಯ ಕಟ್ಟಡಗಳ ಕಿಟಕಿ ಗಾಜು ಕೆಲವು ಕಡೆ ಕೆಳಭಾಗದಲ್ಲಿ ದಪ್ಪ ಇರುವುದು ನಿಜ. ಆದರೆ ಅದು ಹರಿದು ಇಳಿದದ್ದಲ್ಲ, ಆ ಕಾಲದಲ್ಲಿ ಗಾಜು ಮಾಡುತ್ತಿದ್ದ ರೀತಿಗೆ ದಪ್ಪ ಒಂದೇ ಸಮ ಬರುತ್ತಿರಲಿಲ್ಲ.