ಬಂಗುಡೆಗೆ ಒಂದು ಗೇಣು

ನಮಸ್ಕಾರ. ಬೋಟಿಗೆ ಹೋಗುವವರು, ಮೀನು ಮಾರುವವರು, ಮನೆಯಲ್ಲಿ ಸಾರು ಮಾಡುವವರು, ಎಲ್ಲರಿಗೂ ಇವತ್ತು ನನ್ನದು ಒಂದೇ ಮಾತು. ಮರಿ ಮೀನು ಬಿಡಿ. ಮೀನು ಒಂದು ಸಲವಾದರೂ ಮೊಟ್ಟೆ ಇಟ್ಟು ಆಮೇಲೆ ನಮ್ಮ ಸಾರಿಗೆ ಬರಲಿ.

ಕೆಲವು ವರ್ಷದ ಹಿಂದೆ ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಅಳತೆಪಟ್ಟಿ ಹಿಡಿದು ಬಂಗುಡೆ ಅಳೆಯುತ್ತಾ ಕೂತಿದ್ದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಒಬ್ಬರು ಅಜ್ಜಿ. ತುಂಬಾ ಹೊತ್ತು ನೋಡಿದರು. "ಎಂತ ಮಾಷ್ಟ್ರೇ, ಅದಕ್ಕೆ ಅಂಗಿ ಹೊಲಿಸ್ಲಿಕ್ಕುಂಟಾ?" ಅಂದರು. ನಾನು ಗಂಭೀರವಾಗಿ, ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14, ಅಂಜಲ್ 50, ಅದಕ್ಕಿಂತ ಸಣ್ಣದು ಹಿಡಿಯಬಾರದು ಅಂತ ವಿಜ್ಞಾನಿಗಳ ಲೆಕ್ಕ ಒಪ್ಪಿಸಿದೆ. ಅಜ್ಜಿ ಕೈ ಅಗಲಿಸಿ ಮೀನಿನ ಮೇಲಿಟ್ಟರು. "ನಮ್ಮ ಅತ್ತೆ ಗೇಣಿಗಿಂತ ಸಣ್ಣ ಬಂಗುಡೆ ಬುಟ್ಟಿಗೇ ಹಾಕ್ತಿರಲಿಲ್ಲ. ಪಟ್ಟಿ ಎಲ್ಲಿತ್ತು ಆಗ?" ನನ್ನ ಲೆಕ್ಕಕ್ಕಿಂತ ಅವರದ್ದೇ ಬಿಗಿ! ಅಷ್ಟರಲ್ಲಿ ಒಂದು ಬೋಟು ಬಂತು. ರಾಶಿ ರಾಶಿ ಬೆರಳುದ್ದದ ಬಂಗುಡೆ, ಎಲ್ಲ ಫಿಶ್‌ಮೀಲ್ ಫ್ಯಾಕ್ಟರಿಗೆ, ಪುಡಿ ಮಾಡಲಿಕ್ಕೆ. ಅಜ್ಜಿ ಒಂದನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು. ಬೋಟು ನಡೆಸುವ ತಾಂಡೇಲರನ್ನು ಕೇಳಿದೆ, ಇದನ್ನು ಯಾಕೆ ಹಿಡಿದಿರಿ? "ನಾನು ಬಿಟ್ರೆ ಪಕ್ಕದ ಬೋಟಿನವ ಹಿಡೀತಾನಲ್ಲ ಸಾರ್."

ಇದೇ ನೋಡಿ ವಿಷಯ. ಒಬ್ಬ ಬಿಟ್ಟರೆ ಸಾಲದು, ಎಲ್ಲರೂ ಬಿಡಬೇಕು. ಅದಕ್ಕೇ ಕಾನೂನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬಲೆ ಎಳೆಯುವ ಟ್ರಾಲ್ ಬೋಟು ದಡದಲ್ಲಿ ನಿಲ್ಲುವುದು ಸುಮ್ನೆ ಅಲ್ಲ, ಮಳೆಗಾಲದಲ್ಲಿ ಎಷ್ಟೋ ಮೀನು ಮೊಟ್ಟೆ ಇಡುತ್ತವೆ. ರಾತ್ರಿ ದೀಪ ಹಾಕಿ ಮೀನು ಸೆಳೆದು ಹಿಡಿಯುವ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಬೆಳಕಿಗೆ ಮರಿ ಮೀನೂ ಓಡಿ ಬರುತ್ತದೆ. ಆದರೂ ರಾತ್ರಿ ದಡದಲ್ಲಿ ನಿಂತು ನೋಡಿ, ದೀಪ ಕಾಣುತ್ತದೆ. ನನಗೆ ಸಿಟ್ಟು ಬರುವುದು ಅಲ್ಲೇ.

ಕೇರಳದವರಿಗೆ 2012ರಲ್ಲಿ ನಾಲ್ಕು ಲಕ್ಷ ಟನ್ ಹತ್ತಿರ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಮೂರು ಸಾವಿರ ಚಿಲ್ಲರೆ! ಕಡಲಿನ ಹವೆಯ ಪಾಲೂ ಇದೆ ಅದರಲ್ಲಿ, ಆದರೆ ಅದು ನಮ್ಮ ಕೈಯಲ್ಲಿಲ್ಲ. ಬಲೆ ನಮ್ಮ ಕೈಯಲ್ಲಿದೆ, ಅಲ್ವಾ?

ಪ್ಲಾಸ್ಟಿಕ್, ಹೊಳೆಯಲ್ಲಿ ಬರುವ ಚರಂಡಿ ನೀರು ಅಂತೆಲ್ಲ ಚೀಟಿಯಲ್ಲಿ ಬರೆದು ತಂದಿದ್ದೆ. ಅಜ್ಜಿಯ ಕಥೆಯಲ್ಲೇ ಸಮಯ ಹೋಯಿತು. ನಾಳೆ ಬಂಗುಡೆ ಕೊಳ್ಳುವಾಗ ಗೇಣು ಹಾಕಿ ನೋಡಿ. ಮಾರುವವರು ನಕ್ಕರೆ ನಗಲಿ, ಸಣ್ಣದು ಬೇಡ ಅನ್ನಿ. ನಮಸ್ಕಾರ.