ಕಾಂಕ್ರೀಟಿಗೆ ಬಾಗಿದ ಆಟ

ಕೇಳುಗರಿಗೆ ನಮಸ್ಕಾರ.

ಅಮೆರಿಕದವರು ಫುಟ್‌ಬಾಲ್ ಅಂದರೆ ಅದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವ, ನುಗ್ಗಿದವನ ಮೈಮೇಲೆ ಬಿದ್ದು ಕೆಡವುವ ಆಟ. ಆ ಆಟದ ಸ್ವರೂಪವನ್ನೇ ಬದಲಿಸಿದ ಒಂದು ಕಾಲೇಜು ಕ್ರೀಡಾಂಗಣದ ಕಥೆ ಇದು.

ಬೋಸ್ಟನ್ನಿನಲ್ಲಿ ಚಾರ್ಲ್ಸ್ ನದಿಯ ದಡಕ್ಕಿರುವ ಬಯಲಿನ ಹೆಸರು ಸೋಲ್ಜರ್ಸ್ ಫೀಲ್ಡ್. ಅಂತರ್ಯುದ್ಧದಲ್ಲಿ ಮಡಿದ ಗೆಳೆಯರ ನೆನಪಿಗೆಂದು ಹೆನ್ರಿ ಲೀ ಹಿಗಿನ್ಸನ್ 1890ರಲ್ಲಿ ಅದನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟರು. ಅಲ್ಲಿ ಕ್ರೀಡಾಂಗಣ ಕಟ್ಟಲೆಂದು 1879ರಲ್ಲಿ ಪದವಿ ಪಡೆದ ಹಳೆಯ ವಿದ್ಯಾರ್ಥಿಗಳು ಸೇರಿ 1 ಲಕ್ಷ ಡಾಲರ್ ಕೊಟ್ಟರು. ಪ್ರೇಕ್ಷಕರಿಗೆ ಮರದ ಅಟ್ಟಣಿಗೆ ಕಟ್ಟುತ್ತಿದ್ದ ಕಾಲ ಅದು. ಬೆಂಕಿಯ ಭಯ ತಪ್ಪಿದ್ದಲ್ಲ. ಹಾರ್ವರ್ಡಿನವರು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿಗೆ ಕೈಹಾಕಿದರು. ಅಷ್ಟು ದೊಡ್ಡ ಕಟ್ಟಡಕ್ಕೆ ಅದನ್ನು ನಂಬಿದವರು ಆಗ ವಿರಳ. ಕುದುರೆ ಲಾಳದ ಆಕಾರದ ಆ ಕ್ರೀಡಾಂಗಣ 1903ರಲ್ಲಿ ಐದು ತಿಂಗಳೊಳಗೆ ಎದ್ದು ನಿಂತಿತು! ನವೆಂಬರ್ 14ರ ಮೊದಲ ಪಂದ್ಯದಲ್ಲಿ ಮಾತ್ರ ಡಾರ್ಟ್ಮತ್ ಕಾಲೇಜಿನ ಎದುರು ಆತಿಥೇಯರು 11-0ರಿಂದ ಸೋತರು.

ಆಗಿನ ಆಟ ಭಯಂಕರ. ಹುಡುಗರು ಒತ್ತೊತ್ತಾಗಿ ಗುಂಪುಗಟ್ಟಿ ಎದುರಿನ ಸಾಲಿನ ಮೇಲೆ ಬೀಳುತ್ತಿದ್ದರು. ಮೂಳೆ ಮುರಿಯುವುದಿರಲಿ, ಪ್ರಾಣವೇ ಹೋಗುತ್ತಿತ್ತು. 1905ರ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಅವರ ಮಗನೂ ಆಗ ಹಾರ್ವರ್ಡಿನಲ್ಲಿ ಇದೇ ಆಟ ಆಡುತ್ತಿದ್ದ. ತಂದೆಯ ಸಂಕಟವೂ ಆ ಕರೆಯಲ್ಲಿ ಇದ್ದಿರಬೇಕು ಎಂದೇ ನನಗನ್ನಿಸುತ್ತದೆ.

ಈ ಆಟದ ನಿಯಮಗಳನ್ನು ರೂಪಿಸಿದವರಲ್ಲೊಬ್ಬರಾದ ಯೇಲ್‌ನ ವಾಲ್ಟರ್ ಕ್ಯಾಂಪ್ ಒಂದು ದಾರಿ ಸೂಚಿಸಿದರು: ಅಂಗಳದ ಅಗಲ ಹೆಚ್ಚಿಸಿ, ಆಟ ಹರಡಿಕೊಳ್ಳಲಿ, ತುಳಿದಾಟ ತಪ್ಪಲಿ. ಒಳ್ಳೆಯ ಯೋಚನೆಯೇ. ಆದರೆ ಹಾರ್ವರ್ಡಿನಲ್ಲಿ ಅಂಗಳದ ಗೆರೆಯಾಚೆಗೇ ಕಾಂಕ್ರೀಟಿನ ಮೆಟ್ಟಿಲು. ಮರದ್ದಾಗಿದ್ದರೆ ಬಿಚ್ಚಿ ಹಿಂದೆ ಸರಿಸಬಹುದಿತ್ತು. ಮೂರು ವರ್ಷವೂ ತುಂಬದ ಈ ಗಟ್ಟಿ ಕಟ್ಟಡವನ್ನು ಒಡೆಯುವವರಾರು? ನೆಲ ಹಿಗ್ಗದಿದ್ದಾಗ ಚೆಂಡಿಗೆ ಗಾಳಿಯ ದಾರಿ ತೆರೆದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದನ್ನು ನಿಯಮವೇ ಒಪ್ಪಿತು. ಇಂದು ಆ ಆಟದಲ್ಲಿ ಜನ ಉಸಿರು ಬಿಗಿಹಿಡಿದು ಕಾಯುವ ಕ್ಷಣವೇ ಆ ಉದ್ದನೆಯ ಎಸೆತ.

ಕ್ರೀಡಾಂಗಣವೂ ಬದಲಾಗುತ್ತ ಬಂತು. ಮೇಲೆ ಕಂಬಸಾಲು ಬಂತು. ಲಾಳದ ತೆರೆದ ಬಾಯಿಗೆ 1929ರಲ್ಲಿ ಉಕ್ಕಿನ ಆಸನಗಳನ್ನು ಕೂರಿಸಿದರು, 1951ರಲ್ಲಿ ಕಿತ್ತರು. ಈಗ 25 ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಬೆಳಗಿನ ಹೊತ್ತು, ಪ್ರೇಕ್ಷಕರು ಕೂರುವ ಎತ್ತರದ ಹಾಸುಗಳನ್ನೇ ಮೆಟ್ಟಿಲಾಗಿಸಿ, ಓಟಗಾರರು ತೊಡೆ ನಡುಗುವ ತನಕ ಅದರ 37 ವಿಭಾಗಗಳನ್ನೂ ಹತ್ತಿ ಇಳಿಯುತ್ತಾರೆ. ಕೆಳಗೆ ಅಂಗಳದ ಅಗಲ, ಈ ಗೆರೆಯಿಂದ ಆ ಗೆರೆಗೆ, ಇವತ್ತಿಗೂ ಅದೇ 160 ಅಡಿ.

ನಮಸ್ಕಾರ.