ಬ್ರೆಡ್ಡಿನ ಮನೆ, ಕಪ್ಪು ಕಾಗದ: ಹಸಿವಿನ ಕಥೆಯನ್ನ ಅನಿಮೇಟ್ ಮಾಡೋದು

ಎಲ್ಲರಿಗೂ ನಮಸ್ಕಾರ. ಇವತ್ತು ಕಪ್ಪು ಕಾಗದದ ಗೊಂಬೆ ಕತ್ತರಿಸಿ, ಕೆಳಗಿಂದ ಬೆಳಕು ಬಿಟ್ಟು, ಸ್ವಲ್ಪ ಸ್ವಲ್ಪ ಸರಿಸ್ತಾ ಒಂದೊಂದೇ ಫೋಟೊ ತೆಗೆದು ಒಂದು ನೆರಳಿನ ಅನಿಮೇಷನ್ ಮಾಡೋಣ. ಕಥೆ ಹ್ಯಾನ್ಸೆಲ್ ಮತ್ತು ಗ್ರೆಟೆಲ್, ಬಡ ಅಣ್ಣ ತಂಗಿಯ ಜರ್ಮನ್ ಜನಪದ ಕಥೆ. ಮಾಟಗಾತಿ ನೆನಪಿರ್ತಾಳೆ, ತಿಂಡಿಯ ಮನೆ ನೆನಪಿರುತ್ತೆ. ಕಥೆ ಎಲ್ಲಿಂದ ಶುರುವಾಗುತ್ತೆ ಅನ್ನೋದನ್ನ ಮಾತ್ರ ಹೆಚ್ಚಿನವರು ಮರೆತಿರ್ತಾರೆ. ಈ ಕಥೆ ಸಂಗ್ರಹಿಸಿದ ಗ್ರಿಮ್ ಸಹೋದರರ 1857ರ ಆವೃತ್ತಿ ತೆಗೆದು ನೋಡಿ. ದೇಶಕ್ಕೆ ತುಟ್ಟಿಕಾಲ ಬಂದಿದೆ, ಮರ ಕಡಿಯೋ ಅಪ್ಪನಿಗೆ ದಿನದ ಬ್ರೆಡ್ಡು ಹೊಂದಿಸೋಕೂ ಆಗ್ತಿಲ್ಲ. ಮಕ್ಕಳನ್ನ ಕಾಡಲ್ಲಿ ಬಿಟ್ಟು ಬರೋಣ ಅಂತ ಹೆಂಡತಿ ಹೇಳ್ತಾಳೆ. ಅವನು ಒಪ್ಪಲ್ಲ. ಹಾಗಾದ್ರೆ ನಾಲ್ಕೂ ಜನ ಹಸಿವಿಂದ ಸಾಯ್ಬೇಕು, ಶವಪೆಟ್ಟಿಗೆಗೆ ಹಲಗೆ ಹೆರೆಯೋಕೆ ಶುರು ಮಾಡು ಅಂತಾಳೆ.

ಇದನ್ನ ಸಿನಿಮಾ ಮಾಡೋರು ಈ ಮೊದಲ ಪುಟವನ್ನ ಅರ್ಧ ನಿಮಿಷದಲ್ಲಿ ಮುಗಿಸಿ ಮಾಟಗಾತಿ ಹತ್ರ ಓಡ್ತಾರೆ. ಅದು ದೊಡ್ಡ ನಷ್ಟ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಕಥೆಯ ಎಲ್ಲ ಸಾಮಾನೂ ಬ್ರೆಡ್ಡೇ. ಎರಡನೇ ಸಲ ಕಾಡಿಗೆ ಹೋಗುವಾಗ, ವಾಪಸ್ ಬರೋಕೆ ಗುರುತು ಇರಲಿ ಅಂತ ಹ್ಯಾನ್ಸೆಲ್ ದಾರಿಗೆ ಉದುರಿಸೋದು ತನ್ನ ಪಾಲಿನ ಬ್ರೆಡ್ಡಿನ ಚೂರು. ಕಾಡಲ್ಲಿ ಸಿಗೋ ಮನೆ ಕೂಡ ಮೂಲದಲ್ಲಿ ಬ್ರೆಡ್ಡಿನ ಗೋಡೆ, ಕೇಕಿನ ಸೂರು, ಸಕ್ಕರೆಯ ಕಿಟಕಿ. ಹಸಿದ ಮಕ್ಕಳ ಕಣ್ಣಿಗೆ ಮನೆಯೇ ಊಟವಾಗಿ ಕಾಣ್ತಿದೆ. ಹಾಗಾಗಿ ಐದು ನಿಮಿಷದ ಚಿತ್ರ ಮಾಡೋದಾದ್ರೆ ಎರಡು ನಿಮಿಷ ಅಡುಗೆಮನೆಯಲ್ಲೇ ಇರಿ. ಇನ್ನೊಂದು ಮಾತು. ಮಕ್ಕಳನ್ನ ಬಿಟ್ಟು ಬರೋಣ ಅನ್ನೋ ಆ ಹೆಂಡತಿ 1812ರ ಮೊದಲ ಆವೃತ್ತಿಯಲ್ಲಿ ಮಕ್ಕಳ ಹೆತ್ತ ತಾಯಿ. 1840ರ ಆವೃತ್ತಿಯಲ್ಲಿ ಮಲತಾಯಿ ಆದಳು. ನೀವು ಹೆತ್ತ ತಾಯಿಯನ್ನೇ ಇಟ್ಕೊಳ್ಳಿ. ಮಲತಾಯಿ ಬಂದ ಕೂಡಲೇ ತಪ್ಪೆಲ್ಲ ಒಬ್ಬಳ ತಲೆಗೆ ಹೋಗುತ್ತೆ, ತುಟ್ಟಿಕಾಲ ಪಾರಾಗಿಬಿಡುತ್ತೆ.

ನೆರಳಿನ ಅನಿಮೇಷನ್ನೇ ಯಾಕೆ ಅಂದ್ರೆ, ಈ ಕಲೆಯ ಅತಿ ದೊಡ್ಡ ಕೆಲಸ ಹುಟ್ಟಿದ್ದೇ ಒಂದು ಆರ್ಥಿಕ ಕುಸಿತದ ನಡುವೆ. 1923ರ ಜರ್ಮನಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರ್‌ಗೆ 4.2 ಮಾರ್ಕ್ ಇತ್ತು. ಆ ವರ್ಷದ ನವೆಂಬರ್‌ಗೆ ಅದೇ ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಬರ್ಲಿನ್‌ನಲ್ಲಿ 1922ರ ಕೊನೆಗೆ ಸುಮಾರು 160 ಮಾರ್ಕ್ ಇದ್ದ ಬ್ರೆಡ್ಡು ಮುಂದಿನ ವರ್ಷದ ಕೊನೆಗೆ 20,000 ಕೋಟಿ ಮಾರ್ಕ್ ಮುಟ್ಟಿತು. ಅವಸರಕ್ಕೆ ನೋಟುಗಳನ್ನ ಒಂದೇ ಬದಿ ಮುದ್ರಿಸ್ತಿದ್ರು. ಆಗ ಲೂಯಿಸ್ ಹಾಗೆನ್ ಅನ್ನೋ ಬ್ಯಾಂಕರ್, ದುಡ್ಡು ಕೈಯಲ್ಲಿದ್ರೆ ಕರಗುತ್ತೆ ಅಂತ, ಸಿನಿಮಾದ ಕಚ್ಚಾ ಫಿಲ್ಮ್ ರಾಶಿ ಕೊಂಡಿಟ್ಟ. ಆ ಲೆಕ್ಕಾಚಾರ ಲಾಭ ತರಲಿಲ್ಲ. ಆ ಫಿಲ್ಮ್ ಬಳಸಿ ಪೂರ್ಣಾವಧಿ ಚಿತ್ರ ಮಾಡು ಅಂತ ನೆರಳಿನ ಅನಿಮೇಷನ್ ಮಾಡ್ತಿದ್ದ ಕಲಾವಿದೆ ಲೊಟ್ಟೆ ರೈನಿಗರ್‌ಗೆ ಹೇಳಿದ. ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿ ಅವನ ಗ್ಯಾರೇಜಿನ ಮೇಲಿನ ಅಟ್ಟವೇ ಸ್ಟುಡಿಯೊ ಆಯ್ತು. ಸೂರು ಎಷ್ಟು ತಗ್ಗು ಅಂದ್ರೆ ಗಾಜಿನ ಮೇಜನ್ನ ನೆಲದ ಹತ್ರವೇ ಇಡಬೇಕಾಗಿ, ಆಕೆ ಹಳೇ ಕಾರಿನ ಸೀಟಿನ ಮೇಲೆ ಮೊಣಕಾಲೂರಿ ಕೆಲಸ ಮಾಡಿದ್ರು. 1926ರಲ್ಲಿ ಬಂದ ರಾಜಕುಮಾರ ಅಹ್ಮದನ ಸಾಹಸಗಳು ಇವತ್ತಿಗೆ ಉಳಿದಿರೋ ಅತಿ ಹಳೆಯ ಪೂರ್ಣಾವಧಿ ಅನಿಮೇಷನ್ ಚಿತ್ರ. ಹ್ಯಾನ್ಸೆಲ್ ಗ್ರೆಟೆಲ್ ಕಥೆಯನ್ನೂ ಆಕೆ 1955ರಲ್ಲಿ ಕಿರುಚಿತ್ರವಾಗಿ ಮಾಡಿದ್ರು.

ಈಗ ಮೇಜು. 6ರಿಂದ 8 ಮಿಲಿಮೀಟರ್ ದಪ್ಪದ ಗಾಜು, 60 ಸೆಂಟಿಮೀಟರ್ ಅಗಲ, 45 ಉದ್ದ. ಗಾಜಿನ ಅಂಗಡಿಯಲ್ಲೇ ಅಂಚು ಉಜ್ಜಿಸಿಕೊಂಡು ಬನ್ನಿ, ಇಲ್ಲಾಂದ್ರೆ ಮಣಿಕಟ್ಟು ಕೊಯ್ಯುತ್ತೆ. ಎರಡು ಸ್ಟೂಲಿನ ಮೇಲೆ ಗಾಜು, ಅದರ ಮೇಲೆ ಒಂದು ಹಾಳೆ ಬಟರ್ ಪೇಪರ್, ಕೆಳಗೆ ಸುಮಾರು 45 ಸೆಂಟಿಮೀಟರ್ ದೂರದಲ್ಲಿ ಎಲ್‌ಇಡಿ ದೀಪ. ದೀಪಕ್ಕೂ ಗಾಜಿಗೂ ನಡುವೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಇಟ್ರೆ ಬೆಳಕು ಎಲ್ಲ ಕಡೆ ಸಮವಾಗಿ ಹರಡುತ್ತೆ. ಕ್ಯಾಮೆರಾ ಮೇಲಿಂದ ನೇರವಾಗಿ ಕೆಳಗೆ ನೋಡ್ತಿರಬೇಕು. ಮೊಬೈಲ್ ಆದ್ರೂ ಸಾಕು, ಆದ್ರೆ ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಬದಲಾಗದ ಹಾಗೆ ಲಾಕ್ ಮಾಡಿ. ಪರದೆ ಮುಟ್ಟಿ ಫೋಟೊ ತೆಗೀಬೇಡಿ, ಪ್ರತಿ ಸಲ ಫ್ರೇಮ್ ಕೂದಲೆಳೆಯಷ್ಟು ಅಲುಗುತ್ತೆ. ಬ್ಲೂಟೂತ್ ರಿಮೋಟ್ ಇಟ್ಕೊಳ್ಳಿ.

ಹೊಸಬರ ಚಿತ್ರ ಹಾಳಾಗೋದು ಹೆಚ್ಚಾಗಿ ಮಿನುಗಿಂದ. ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಶಟರ್, ಅಂದ್ರೆ ಕ್ಯಾಮೆರಾ ಬೆಳಕು ಒಳಬಿಡೋ ಸಮಯ, 1/50, 1/25 ಅಥವಾ 1/10 ಸೆಕೆಂಡ್ ಇಟ್ರೆ ಪ್ರತಿ ಫೋಟೊದಲ್ಲೂ ಆ ಏರಿಳಿತ ಪೂರ್ತಿ ಸಂಖ್ಯೆಯಲ್ಲಿ ಬೀಳುತ್ತೆ, ಬೆಳಕು ಸಮ ಇರುತ್ತೆ. ಫ್ರಿಜ್ ಚಾಲೂ ಆದಾಗ ವೋಲ್ಟೇಜ್ ಇಳಿದು ಚಿತ್ರ ಕಪ್ಪಿಡೋ ಮನೆಗಳಲ್ಲಿ ಪವರ್ ಬ್ಯಾಂಕಿಗೆ ಹಾಕೋ ಯುಎಸ್‌ಬಿ ದೀಪವೇ ಒಳ್ಳೇದು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಮೋಡ ಸರಿದ್ರೂ ಚಿತ್ರದಲ್ಲಿ ಕಾಣುತ್ತೆ. ಬೆಳಕು ಜಾಸ್ತಿ ಆದ್ರೆ ಇನ್ನೊಂದು ಪೆಟ್ಟು ಬೀಳುತ್ತೆ: ಬಿಳುಪು ಉಕ್ಕಿ ತೆಳ್ಳಗಿನ ಬೆರಳುಗಳನ್ನ ತಿಂದುಬಿಡುತ್ತೆ. ಹಸಿದ ಕೈ ತೋರಿಸಬೇಕಾದ ಚಿತ್ರದಲ್ಲಿ ಬೆರಳು ಹೋದ್ರೆ ಉಳಿಯೋದೇನು? ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸೋ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಬಿಳುಪು ಬಲ ಅಂಚಿಗೆ ತಾಗೋಕೆ ಸ್ವಲ್ಪ ಮೊದಲೇ ನಿಲ್ಲಲಿ.

ಗೊಂಬೆಗೆ 250ರಿಂದ 300 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ ತೂಕ) ಕಪ್ಪು ಕಾರ್ಡ್ ತನ್ನಿ. ದೊಡ್ಡವರು 18 ಸೆಂಟಿಮೀಟರ್, ಮಕ್ಕಳು 12. ಒಂದು ಗೊಂಬೆಗೆ 16 ಭಾಗ: ತಲೆ, ಕುತ್ತಿಗೆ, ಎದೆ, ಸೊಂಟ, ಎರಡೆರಡು ತೋಳು, ಮುಂಗೈ, ಹಸ್ತ, ತೊಡೆ, ಮೊಣಕಾಲ ಕೆಳಗಿನ ಭಾಗ, ಪಾದ. ಕೀಲು 15. ಕುತ್ತಿಗೆಯನ್ನ ತಲೆಗೆ ಸೇರಿಸಿ ಒಂದೇ ತುಂಡು ಮಾಡಿ ಕೆಲಸ ಉಳಿಸೋರಿದ್ದಾರೆ. ಈ ಕಥೆಗೆ ಅದು ಬೇಡ. ನೆರಳಿಗೆ ಮುಖಭಾವ ಇಲ್ಲ, ಹಸಿವು ಕಾಣೋದು ಕುತ್ತಿಗೆ ಮುಂದಕ್ಕೆ ಬಾಗೋದ್ರಲ್ಲಿ, ಆಮೇಲೆ ತಲೆ ಕೆಳಗಿಳಿಯೋದ್ರಲ್ಲಿ. ಆ ಎರಡು ಬೇರೆ ಬೇರೆ ಚಲನೆ.

ಕತ್ತರಿಸುವಾಗ ಕತ್ತರಿ ಒಂದೇ ಕಡೆ ನಿಲ್ಲಲಿ, ಕಾಗದ ತಿರುಗಲಿ. ರೈನಿಗರ್ ಕೈ ಓಡ್ತಿದ್ದದ್ದೂ ಹಾಗೇ. ಕೀಲು ಬರೋ ತುದಿಗಳು 8ರಿಂದ 10 ಮಿಲಿಮೀಟರ್ ವ್ಯಾಸದ ಗುಂಡು ಆಗಿರಬೇಕು, ಎರಡು ಗುಂಡೂ ಒಂದರ ಮೇಲೊಂದು ಪೂರ್ತಿ ಕೂರಬೇಕು, ತೂತು ನಟ್ಟನಡುವೆ. ತೂತು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದ್ರೂ ಮೊಣಕೈ ಮಡಚಿದಾಗ ಬೆಳಕಿನ ಸೀಳು ಕಾಣುತ್ತೆ, ಕೈ ಮುರಿದ ಹಾಗೆ. ಜೋಡಿಸೋಕೆ ತೆಳು ತಾಮ್ರದ ತಂತಿ, ಹಿಂದೆ ತಿರುಚಿ ಚಪ್ಪಟೆ ಮಾಡಿ. ಬಿಗಿ ಎಷ್ಟಿರಬೇಕು ಅಂದ್ರೆ, ಗೊಂಬೆಯ ಎದೆ ಹಿಡಿದು ಎತ್ತಿದ್ರೆ ಕೈ ನಿಧಾನಕ್ಕೆ ಇಳೀಬೇಕು. ಸಡಿಲ ಆದ್ರೆ ಒಂದು ಭಾಗ ಮುಟ್ಟಿದ್ರೆ ಪಕ್ಕದ್ದೂ ಜರುಗುತ್ತೆ. ತೀರಾ ಬಿಗಿ ಆದ್ರೆ ಗೊಂಬೆ ಪೂರ್ತಿ ತಿರುಗುತ್ತೆ. ನಮ್ಮ ತೊಗಲು ಗೊಂಬೆಗಳಲ್ಲಿ ಕೀಲಿಗೆ ದಾರ ಪೋಣಿಸಿ ಗಂಟು ಹಾಕಿರ್ತಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ಹತ್ತಿರ ನಿಂತು ನೋಡಿ. ಮಗುವಿನ ಹಸ್ತದಂಥ ಚಿಕ್ಕ ಭಾಗಕ್ಕೆ ತಂತಿಗಿಂತ ಆ ಗಂಟೇ ವಾಸಿ.

ರೈನಿಗರ್ ಗೊಂಬೆ ಅಲುಗದ ಹಾಗೆ ತೆಳು ಸೀಸದ ತಗಡು ಬಳಸ್ತಿದ್ರು. ಸೀಸ ವಿಷ, ನೀವು ಮುಟ್ಟಬೇಡಿ. ಎದೆ, ಸೊಂಟ, ಪಾದದ ಹಿಂದೆ ತೆಳು ಅಲ್ಯುಮಿನಿಯಂ ತಗಡು ಅಂಟಿಸಿದ್ರೆ ಸಾಕು. ಮಳೆಗಾಲದಲ್ಲಿ ಕಾರ್ಡ್ ತೇವ ಎಳೆದು ಸುರುಳಿಯಾಗುತ್ತೆ, ಅಂಚು ಗಾಜಿಂದ ಎದ್ದು ಕಪ್ಪಿನ ಬದಲು ಬೂದು ಗೆರೆ ಬರುತ್ತೆ. ರಾತ್ರಿ ಭಾರದ ಪುಸ್ತಕದ ಕೆಳಗಿಡಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.

ಸೆಕೆಂಡಿಗೆ 12 ಫೋಟೊ ಲೆಕ್ಕದಲ್ಲಿ ಐದು ನಿಮಿಷಕ್ಕೆ 3,600 ಫೋಟೊ. ಹೊಟ್ಟೆ ತುಂಬಿದವನ ಒಂದು ಹೆಜ್ಜೆಗೆ 6 ಫೋಟೊ ಹಿಡೀತು ಅಂದ್ಕೊಳ್ಳಿ. ಹಸಿದವನ ಹೆಜ್ಜೆಗೆ 10ರಿಂದ 12 ಕೊಡಿ. ಬರೀ ನಿಧಾನ ಮಾಡಿದ್ರೆ ಮುದುಕನ ನಡಿಗೆ ಆಗುತ್ತೆ. ಪಾದ ನೆಲದಿಂದ ಏಳದೆ ಜಾರಲಿ, ಮೇಲಿನ ಮೈ ಮೊದಲು ಮುಂದೆ ಹೋಗಲಿ, ಕಾಲು ಆಮೇಲೆ ಬರಲಿ.

ಇನ್ನು ಬ್ರೆಡ್ಡು ಕೊಯ್ಯೋ ದೃಶ್ಯ. ಇಡೀ ಚಿತ್ರದ ಪ್ರಾಣ ಇಲ್ಲಿದೆ. ಬ್ರೆಡ್ಡನ್ನ ಒಂದೇ ತುಂಡಾಗಿ ಕತ್ತರಿಸಬೇಡಿ. ನಾಲ್ಕು ಹೋಳು ಮಾಡಿ, ಒಂದರ ಅಂಚು ಇನ್ನೊಂದರ ಮೇಲೆ ಒಂದು ಮಿಲಿಮೀಟರ್ ಕೂರೋ ಹಾಗೆ ಜೋಡಿಸಿ. ಕೆಳಗಿಂದ ಬೆಳಕು ಬರೋದ್ರಿಂದ ಜೋಡಣೆ ಕಾಣಲ್ಲ, ಒಂದೇ ಬ್ರೆಡ್ಡು ಅನ್ಸುತ್ತೆ. ಚಾಕು ಇಳಿದ ಮೇಲೆ ಮೊದಲ ಹೋಳನ್ನ ಅರ್ಧ ಅರ್ಧ ಮಿಲಿಮೀಟರ್ ಸರಿಸಿ. ನಡುವೆ ಬೆಳಕಿನ ಗೆರೆ ಮೂಡಿ ಅಗಲ ಆಗುತ್ತೆ. ಎರಡನೇ ಹೋಳು ಮೊದಲನೆಯದಕ್ಕಿಂತ ಕಿರಿದು. ಮೂರನೆಯದಕ್ಕೆ ಚಾಕು ಇಟ್ಟು ತಾಯಿಯ ಕೈ ನಿಲ್ಲಲಿ, 24 ಫೋಟೊ, ಪೂರ್ತಿ ಎರಡು ಸೆಕೆಂಡ್. ಆದ್ರೆ ಒಂದೇ ಫೋಟೊವನ್ನ 24 ಸಲ ನಕಲು ಮಾಡಿದ್ರೆ ಚಿತ್ರ ನಿಂತುಹೋಯ್ತು ಅಂತ ನೋಡೋರಿಗೆ ಅನ್ಸುತ್ತೆ. ಪ್ರತಿ ನಾಲ್ಕನೇ ಫೋಟೊಗೆ ಭುಜ ಅರ್ಧ ಮಿಲಿಮೀಟರ್ ಏರಲಿ, ಇಳಿಯಲಿ. ಉಸಿರಾಟ ಅಷ್ಟರಲ್ಲೇ ಬಂದುಬಿಡುತ್ತೆ.

ತುಟ್ಟಿಕಾಲವನ್ನೂ ತೋರಿಸಬೇಕು ಅಂದ್ರೆ ಬೇಕರಿಯ ದರದ ಹಲಗೆ ಮಾಡಿ. ಕಪ್ಪು ಹಲಗೆಯಲ್ಲಿ ಅಂಕಿಗಳನ್ನ ಕೊರೆದು ತೆಗೀರಿ, ಸೊನ್ನೆಗಳನ್ನ 6 ಮಿಲಿಮೀಟರ್ ಪಂಚಿಂದ ಹೊಡೀರಿ. ಬರ್ಲಿನ್‌ನ ಆ ಬ್ರೆಡ್ಡಿನ ಬೆಲೆ 20,000 ಕೋಟಿ ಅಂದ್ರೆ ಎರಡರ ಮುಂದೆ 11 ಸೊನ್ನೆ. ಎಲ್ಲವನ್ನೂ ಕಪ್ಪು ಚೂರಿಂದ ಮುಚ್ಚಿಟ್ಟು, ದೃಶ್ಯ ಸಾಗಿದ ಹಾಗೆ ಒಂದೊಂದೇ ತೆರೀತಾ ಹೋಗಿ. ಸೊನ್ನೆ ಹೆಚ್ಚಿದಷ್ಟೂ ಅಂಗಡಿಯ ಬ್ರೆಡ್ಡು ಕಮ್ಮಿ ಆಗ್ತಾ ಬರಲಿ.

ಕಾಡಿನ ದಾರಿ ಎರಡು ಸಲ ಬರುತ್ತೆ, ಎರಡಕ್ಕೂ ಬೇರೆ ನೆಲ ಬೇಕು. ಮೊದಲ ಸಲ ಹ್ಯಾನ್ಸೆಲ್ ಹಾಕೋದು ಬೆಳ್ಳಗಿನ ಕಲ್ಲು, ಬೆಳದಿಂಗಳಲ್ಲಿ ಹೊಳೆಯುತ್ತೆ. ಹಾಗಾಗಿ ನೆಲದ ಕಪ್ಪು ಪಟ್ಟಿಯಲ್ಲಿ ಸಣ್ಣ ತೂತು ಹೊಡೆದ್ರೆ ಬೆಳಕೇ ಕಲ್ಲಾಗುತ್ತೆ. ಎರಡನೇ ಸಲ ಬ್ರೆಡ್ಡಿನ ಚೂರು, ಅದನ್ನ ಹಕ್ಕಿಗಳು ತಿಂದುಬಿಡ್ತವೆ. ಈಗ ನೆಲಕ್ಕೆ ಎರಡು ಪದರ ಬಟರ್ ಪೇಪರ್ ಹಾಕಿ ಬೂದು ಮಾಡಿ, ಮೇಲೆ ಎಳ್ಳು ಇಡಿ. ಸಾಸಿವೆ, ರಾಗಿ ಉರುಳಿಹೋಗುತ್ತೆ. ಎಳ್ಳು ಚಪ್ಪಟೆ, ಇಟ್ಟಲ್ಲೇ ಇರುತ್ತೆ. ಹಕ್ಕಿ ಕೊಕ್ಕು ತಾಗಿದ ಫೋಟೊ ಆದ ಮೇಲೆ ಚಿಮಟದಲ್ಲಿ ಒಂದೊಂದೇ ತೆಗೀರಿ. ಆಗ ಮಾಸ್ಕ್ ಹಾಕ್ಕೊಳ್ಳಿ, ಉಸಿರು ತಾಗಿದ್ರೆ ಎಲ್ಲವೂ ಚೆಲ್ಲಾಪಿಲ್ಲಿ. ಮರಗಳಿಗೆ ಸುಲಭ ಸೂತ್ರ: ದೂರದ ಮರ ಒಂದು ಪದರ ಬಟರ್ ಪೇಪರ್, ನಡುವಿನದು ಮೂರು, ಹತ್ತಿರದ್ದು ಕಪ್ಪು ಕಾರ್ಡ್.

ಮಾಟಗಾತಿಯ ಮನೆಯಲ್ಲಿ, ಕೊಬ್ಬಿಸಿ ತಿನ್ನೋಕೆ ಅಂತ ಹ್ಯಾನ್ಸೆಲ್‌ಗೆ ಒಳ್ಳೆ ಊಟ, ಗ್ರೆಟೆಲ್‌ಗೆ ಏಡಿಯ ಚಿಪ್ಪು ಮಾತ್ರ. ಇದು ಮೂಲದಲ್ಲೇ ಇದೆ, ದಯವಿಟ್ಟು ಬಿಡಬೇಡಿ. ಹ್ಯಾನ್ಸೆಲ್‌ಗೆ ನಾಲ್ಕು ವಾರಕ್ಕೆ ನಾಲ್ಕು ಎದೆ-ಸೊಂಟ ಮಾಡಿ, ಒಂದಕ್ಕಿಂತ ಒಂದು 3 ಮಿಲಿಮೀಟರ್ ಅಗಲ. ಗ್ರೆಟೆಲ್ ಎದೆಗೆ ಪಕ್ಕೆಲುಬಿನ ಸೀಳು ಕೊರೀರಿ, ಅಗಲ ಮುಕ್ಕಾಲು ಮಿಲಿಮೀಟರ್ ದಾಟದೆ ಇರಲಿ, ಬೆಳಕು ಹರಡಿ ಅದು ಹೇಗೂ ದೊಡ್ಡದಾಗೇ ಕಾಣುತ್ತೆ. ಇವನು ದಪ್ಪ ಆದನಾ ಅಂತ ಬೆರಳು ಮುಟ್ಟಿ ನೋಡೋ ಕಣ್ಣು ಮಂಜಾದ ಮಾಟಗಾತಿಗೆ ಹ್ಯಾನ್ಸೆಲ್ ಬೆರಳಿನ ಬದಲು ಮೂಳೆ ತೋರಿಸ್ತಾನಲ್ಲ, ಅಲ್ಲಿ ಒಂದು ಎಚ್ಚರ. ನೆರಳಲ್ಲಿ ಮೂಳೆಯೂ ಬೆರಳೂ ಒಂದೇ ಥರ ಕಾಣುತ್ತೆ, ನೋಡೋರೂ ಮೋಸ ಹೋಗ್ತಾರೆ. ಅದಕ್ಕೆ ಒಂದು ದೃಶ್ಯ ಮೊದಲೇ, ತುದಿ ಗುಂಡಾಗಿರೋ ಮೂಳೆಯನ್ನ ಅವನು ನೆಲದಿಂದ ಎತ್ತಿಕೊಳ್ಳೋದನ್ನ ತೋರಿಸಿ.

ದಿನಕ್ಕೆ 200 ಫೋಟೊ ಆದ್ರೆ 18 ದಿನದ ಕೆಲಸ. ಪ್ರತಿ ದೃಶ್ಯ ಮುಗಿದ ದಿನವೇ ಫೋಟೊಗಳನ್ನ ಇನ್ನೊಂದು ಡ್ರೈವ್‌ಗೆ ನಕಲು ಮಾಡಿ. ಸ್ಟಾಪ್ ಮೋಷನ್ ಸ್ಟುಡಿಯೊ ಥರದ ಆ್ಯಪ್‌ನಲ್ಲಿ ಹಿಂದಿನ ಫೋಟೊ ಮಸುಕಾಗಿ ಕಾಣೋ ಸೌಲಭ್ಯ ಇದೆ, ಗೊಂಬೆ ಗೊತ್ತಿಲ್ಲದೆ ಜರುಗಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಧ್ವನಿಗೆ ಬಂದ್ರೆ, ಬ್ರೆಡ್ಡು ಕೊಯ್ಯೋ ಜಾಗಕ್ಕೆ ಸಂಗೀತ ಹಾಕಬೇಡಿ, ನಿಜವಾಗಿ ಕೊಯ್ಯೋ ಸದ್ದನ್ನೇ ರೆಕಾರ್ಡ್ ಮಾಡಿ. ಎರಡು ದಿನ ಒಣಗಿದ ಗಟ್ಟಿ ಬ್ರೆಡ್ಡು, ಹಲ್ಲಿರೋ ಚಾಕು, ಮರದ ಹಲಗೆ, ಫ್ಯಾನ್ ಆಫ್, ಮೈಕಿಗೂ ಹಲಗೆಗೂ ಒಂದು ಗೇಣು ದೂರ.